ಕೆರೆಗೂ ಹೊಳೆಗೂ ಒಂದೇ ದೋಣಿ ಸಾಕಾ? ತೆಪ್ಪ, ಫೈಬರ್, ರಬ್ಬರ್, ಯಾವುದು ತಗೊಳ್ಳಲಿ?

ಗುತ್ತಲದ ಹುಡುಗ:
ಎಲ್ಲರಿಗೂ ನಮಸ್ಕಾರ. ಊರು ಗುತ್ತಲದ ಹತ್ತಿರ. ನಾನು, ನಮ್ಮ ಕಾಕಾ, ಇನ್ನಿಬ್ಬರು ಸೇರಿ ಊರ ಕೆರೆಯ ಮೀನಿನ ಗುತ್ತಿಗೆ ಹಿಡಿದಿದ್ದೇವೆ. ಕಾಟ್ಲಾ, ರೋಹು ಮರಿ ಬಿಟ್ಟು ಎಂಟು ತಿಂಗಳಾಯ್ತು. ಇಷ್ಟು ದಿನ ಟ್ರ್ಯಾಕ್ಟರ್ ಟ್ಯೂಬಿಗೆ ಹಲಗೆ ಕಟ್ಟಿಕೊಂಡು ಬಲೆ ಬಿಡುತ್ತಿದ್ದೆವು. ಹೋದ ವಾರ ಬಲೆ ಎಳೆಯುವಾಗ ಟ್ಯೂಬು ಮಗುಚಿ ಕಾಕಾನ ಕಾಲಿಗೆ ಬಲೆ ಸುತ್ತಿಕೊಂಡಿತು. ಎದೆಮಟ್ಟದ ನೀರು, ಬಚಾವಾದರು. ದೋಣಿ ಬರುವ ತನಕ ಕೆರೆಗೆ ಇಳಿಯಬೇಡಿ ಅಂತ ಕಾಕಿ ಅವತ್ತೇ ಹೇಳಿಬಿಟ್ಟರು.

ಕಾರವಾರದ ಕಡೆ ಒಬ್ಬರ ಹತ್ತಿರ 16 ಅಡಿಯ ಹಳೇ ಫೈಬರ್ ದೋಣಿ ಇದೆ. ತಳ ವಿ ಆಕಾರ, ಹಿಂದೆ ಎಂಜಿನ್ ಕೂಡಿಸುವ ಹಲಗೆಯೂ ಇದೆ. 45 ಸಾವಿರ ಹೇಳುತ್ತಿದ್ದಾರೆ. ಫೋಟೋದಲ್ಲಿ ಭಾರಿ ಚಂದ ಕಾಣುತ್ತೆ. ಕಾಕಾ ಮಾತ್ರ ತೆಪ್ಪ, ಅಂದರೆ ಬುಟ್ಟಿಯಂಥ ದುಂಡನೆಯ ಹರಿಗೋಲು, ಸಾಕು ಅಂತಾರೆ. ಇನ್ನೊಬ್ಬ ಗೆಳೆಯ ಗಾಳಿ ತುಂಬುವ ರಬ್ಬರ್ ಬೋಟು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತೆ ಅಂತಾನೆ. ಕೆರೆ ಅಲ್ಲದೆ ಆಗಾಗ ತುಂಗಭದ್ರೆಗೂ ಒಯ್ಯಬೇಕು. ಏನು ಮಾಡಲಿ?

ಹಮ್ಮಿಗಿ ಹಿನ್ನೀರು:
ತಮ್ಮಾ, ನಿಮ್ಮ ಕಾಕಾ ಹೇಳಿದ್ದೇ ಖರೆ. ಆ ವಿ ತಳದ ದೋಣಿ ಸಮುದ್ರದ ತೆರೆ ಸೀಳೋದಕ್ಕೆ ಮಾಡಿದ್ದು. ನಿಮ್ಮ ಕೆರೆಯಲ್ಲಿ ಸೀಳೋಕೆ ತೆರೆ ಎಲ್ಲಿದೆ? ಏಪ್ರಿಲ್‌ನಲ್ಲಿ ನೀರು ಮೊಣಕಾಲಿಗೆ ಇಳಿದಾಗ ಅದರ ತಳ ಕೆಸರಿಗೆ ಕೂತು, ದೋಣಿ ಒಂದು ಪಕ್ಕಕ್ಕೆ ವಾಲಿಕೊಳ್ಳುತ್ತೆ. ಆಮೇಲೆ ನಾಲ್ಕು ಜನ ಕೆಸರಲ್ಲಿ ನಿಂತು ತಳ್ಳಬೇಕು.

ತೆಪ್ಪದ ಲೆಕ್ಕ ನೋಡು. ತಳ 6 ಅಡಿ ಅಗಲ ಇದ್ದರೆ ಅದು ಒಂದು ಇಂಚು ಮುಳುಗಬೇಕಾದರೆ ಸುಮಾರು 65 ಕಿಲೋ ಭಾರ ಬೇಕು. ಇಬ್ಬರು ಆಳು, ಬಲೆ, ಒಂದು ಬುಟ್ಟಿ ಮೀನು ಸೇರಿ 200 ಕಿಲೋ ಅಂದರೂ ಹೆಚ್ಚೆಂದರೆ ನಾಲ್ಕು ಇಂಚು, ತೆಪ್ಪದ ತೂಕವೂ ಅದರಲ್ಲೇ ಬಂತು. ಹೊಳೆಯಲ್ಲಿ ಬಂಡೆ ಸಿಕ್ಕರೂ ಮೇಲೆ ಜಾರಿಕೊಂಡು ಹೋಗುತ್ತೆ. ನಮ್ಮ ಅಜ್ಜನ ಕಾಲದಲ್ಲಿ ಬಿದಿರು ಹೆಣೆದು ತೊಗಲು ಹೊಚ್ಚುತ್ತಿದ್ದರಂತೆ. ಅಪ್ಪ ಪ್ಲಾಸ್ಟಿಕ್ ಚೀಲ ಹೊಲಿದು ಡಾಂಬರು ಬಳಿಯುತ್ತಿದ್ದರು, ವರ್ಷಕ್ಕೊಮ್ಮೆ ಆ ಡಾಂಬರಿನ ಕೆಲಸ ತಪ್ಪುತ್ತಿರಲಿಲ್ಲ. ಈಗ ನಂದು ಫೈಬರ್ ತೆಪ್ಪ, ಆರು ವರ್ಷ ಆಯ್ತು.

ಇನ್ನೊಂದು ಮಾತು. ಹೊಳೆಗೆ ಇಳಿಯುವ ಮೊದಲು ಲೈಸೆನ್ಸ್ ವಿಚಾರಿಸಿ. ಕೆರೆ ಗುತ್ತಿಗೆ ಕೆರೆಗೆ ಮಾತ್ರ.

ಉಣಕಲ್ ಗಾಳ:
ರಬ್ಬರ್ ಬೋಟಿನ ಬಗ್ಗೆ ನಾನು ಹೇಳ್ತೀನಿ, ಕೈ ಸುಟ್ಟುಕೊಂಡವನು ನಾನೇ. ಹುಬ್ಬಳ್ಳಿಯಲ್ಲಿ ಕೆಲಸ, ರಜಾ ದಿನ ಗಾಳ ಹಾಕುವ ಚಟ. 9 ಸಾವಿರ ಕೊಟ್ಟು ಇಬ್ಬರು ಕೂರುವಂಥದ್ದು ತರಿಸಿದೆ. ಮೊದಲ ದಿನ ದಂಡೆಯ ಮೇಲೆ ಇಟ್ಟು ಕಾಲಲ್ಲಿ ಪಂಪ್ ಒತ್ತಿ ಒತ್ತಿ ಗಾಳಿ ತುಂಬಿದೆ, ನೀರಿಗೆ ಎಳೆದೆ, ಹತ್ತು ಮಾರು ಹೋಗಿರಲಿಲ್ಲ, ಸುಯ್ ಅಂತ ಸದ್ದು. ದಂಡೆ ತುಂಬ ಬಳ್ಳಾರಿ ಜಾಲಿ, ಎಳೆಯುವಾಗ ಮುಳ್ಳು ನೆಟ್ಟಿದೆ. ಸೈಕಲ್ ಅಂಗಡಿಯಲ್ಲಿ ಪ್ಯಾಚ್ ಹಾಕಿಸಿದೆ. ಮುಂದಿನ ಸಲ ಜಿಲೇಬಿ ಮೀನು ಒಳಗೆ ಬಿದ್ದು ಒದ್ದಾಡಿ ಬೆನ್ನಿನ ಮುಳ್ಳಿನಿಂದ ಎರಡು ತೂತು. ಈಗ ಮಗ ಅದರಲ್ಲಿ ನೀರು ತುಂಬಿಕೊಂಡು ಟೆರೇಸ್ ಮೇಲೆ ಆಡುತ್ತಾನೆ. ಬಲೆ ಹಾಕುವವರು ಅದರ ಹತ್ತಿರ ಹೋಗಲೇಬೇಡಿ.

ರೆಸಿನ್ ಕೈ, ಗದಗ:
ನಾನು ಫೈಬರ್ ಟ್ಯಾಂಕು, ಶೀಟು ಮಾಡುವವನು. ಸೆಕೆಂಡ್ ಹ್ಯಾಂಡ್ ಏನೇ ತಗೊಂಡರೂ, ದೋಣಿ ಇರಲಿ ತೆಪ್ಪ ಇರಲಿ, ಫೋಟೋ ನೋಡಿ ದುಡ್ಡು ಹಾಕಬೇಡಿ. ಬಣ್ಣ ಹೊಡೆದರೆ ಎಲ್ಲಾ ಚಂದ. ಒಂದು ರೂಪಾಯಿ ನಾಣ್ಯ ತಗೊಂಡು ತಳ ಪೂರ್ತಿ ಬಡಿಯುತ್ತಾ ಹೋಗಿ. ಟಣ್ ಟಣ್ ಅಂತಿದ್ದದ್ದು ಒಂದು ಕಡೆ ಡಬ್ ಅಂದರೆ ಅಲ್ಲಿ ಪದರ ಬಿಟ್ಟಿದೆ ಅಂತ ಅರ್ಥ. ಬಿಸಿಲಿಗೆ ಸುಟ್ಟು ಫೈಬರಿನ ಗಾಜಿನ ನೂಲು ಮೇಲೆದ್ದಿದ್ದರೆ, ಕೈ ಸವರಿದಾಗ ಚುಚ್ಚುತ್ತೆ, ನೀರು ಒಳಗಿಳಿಯಲು ಶುರುವಾಗಿದೆ. ಎಂಜಿನ್ ಕೂಡಿಸುವ ಹಲಗೆಯ ಒಳಗೆ ಸಾಮಾನ್ಯವಾಗಿ ಪ್ಲೈವುಡ್ ಇರುತ್ತೆ. ಸ್ಕ್ರೂ ತೂತಿನಿಂದ ಕಂದು ನೀರು ಜಿನುಗಿದರೆ ಅದು ಕೊಳೆತಿದೆ. ಕೊನೆಗೆ ಎರಡು ಇಟ್ಟಿಗೆ ಸಾಲಿನ ಮೇಲೆ ಕೂರಿಸಿ ಒಳಗೆ ನಾಲ್ಕೈದು ಕೊಡ ನೀರು ಸುರಿಯಿರಿ, ಅರ್ಧ ಗಂಟೆ ಬಿಟ್ಟು ಕೆಳಗೆ ಬಗ್ಗಿ ನೋಡಿ.

ಸಣ್ಣ ತೂತಿಗೆ ಹೆದರಬೇಕಿಲ್ಲ. ಚೆನ್ನಾಗಿ ಒಣಗಿಸಿ, ಉಜ್ಜಿ, ತೂತಿಗಿಂತ ದೊಡ್ಡ, ಗಾಜಿನ ನೂಲಿನ ಮ್ಯಾಟ್ ತುಂಡು ಇಟ್ಟು ರೆಸಿನ್ ಹಚ್ಚಿದರೆ ಆಯ್ತು. ಮಳೆಗಾಲದ ತೇವದಲ್ಲಿ ಮಾತ್ರ ಈ ಕೆಲಸ ಬೇಡ.

ಧಾರವಾಡ ಮಂದಿ:
ಎಲ್ಲರೂ ತೆಪ್ಪ ತೆಪ್ಪ ಅಂತೀರಿ, ಹೊಸಬ ಅದರಲ್ಲಿ ಕೂತರೆ ಏನಾಗುತ್ತೆ ಅಂತ ಯಾರೂ ಹೇಳ್ತಾ ಇಲ್ಲ. ಗಿರಗಿಟ್ಲೆ! ನಾನು ಹತ್ತು ನಿಮಿಷ ಹುಟ್ಟು ಹಾಕಿ ಹೊರಟ ಜಾಗದಲ್ಲೇ ಇದ್ದೆ. ಮೇಲಾಗಿ ಜೂನ್, ಜುಲೈನ ಗಾಳಿಗೆ ಅದು ಎಲೆ ಹೋದಂಗೆ ಹೋಗುತ್ತೆ. ಕೆರೆ ದೊಡ್ಡದಿದ್ದು ಉದ್ದುದ್ದ ಬಲೆ ಬಿಡುವುದಾದರೆ 10 ಅಡಿಯ ಚಪ್ಪಟೆ ತಳದ ಫೈಬರ್ ದೋಣಿಯೇ ಒಳ್ಳೆಯದು. ನೆಟ್ಟಗೆ ಹೋಗುತ್ತೆ, ಬಲೆಯೂ ನೆಟ್ಟಗೆ ಬೀಳುತ್ತೆ. ಎಂಜಿನ್ ಆಸೆ ಬಿಡಿ, ಅಂತರಗಂಗೆ, ಜೊಂಡು, ನಿಮ್ಮದೇ ಬಲೆ ಎಲ್ಲಾ ಫ್ಯಾನಿಗೆ ಸುತ್ತಿಕೊಳ್ಳುತ್ತೆ.

ದುಡ್ಡು ಕೊಡುವ ಮೊದಲು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಹೋಗಿ ಬನ್ನಿ. 2020ರಲ್ಲಿ ಬಂದ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೂ ಎಸ್‌ಸಿ, ಎಸ್‌ಟಿಯವರಿಗೂ ಶೇ 60 ಸಹಾಯಧನ ಇಟ್ಟಿದ್ದರು. ನಿಮ್ಮ ಪಾಲಿಗೆ ಈಗ ಏನು ಸಿಗುತ್ತೆ ಕೇಳಿ.

ಹಮ್ಮಿಗಿ ಹಿನ್ನೀರು:
@ಧಾರವಾಡ ಮಂದಿ, ನೀವು ಪಕ್ಕಕ್ಕೆ ಕೂತು ಹುಟ್ಟು ಹಾಕಿರಬೇಕು, ಅಲ್ವಾ? ತೆಪ್ಪದಲ್ಲಿ ಮುಂದೆ ಕೂತು, ನೀರನ್ನು ತನ್ನ ಕಡೆಗೆ ಎಳೆದುಕೊಳ್ಳಬೇಕು, ಕನ್ನಡದ ಅಂಕಿ ಅಲ್ಲ, ಇಂಗ್ಲಿಷಿನ 8 ಬರೆದ ಹಾಗೆ. ಎರಡು ದಿನದಲ್ಲಿ ಕೈಗೆ ಬರುತ್ತೆ. ಗಾಳಿಯ ಮಾತು ಒಪ್ಪಿದೆ. ಕಪ್ಪತ್ತಗುಡ್ಡದ ಕಡೆ ಗಾಳಿ ಎದ್ದ ದಿನ ನಾವೂ ಮಧ್ಯಾಹ್ನ ನೀರಿಗೆ ಇಳಿಯಲ್ಲ, ನಸುಕಿನಲ್ಲೇ ಬಲೆ ಎತ್ತಿ ಬಂದುಬಿಡ್ತೀವಿ. ಹೊಳೆಯಲ್ಲಿ ಮರಳು ತೆಗೆದ ಗುಂಡಿಗಳಿವೆ, ನೀರು ಕಡಿಮೆ ಅಂತ ನಂಬಬೇಡಿ. ಲೈಫ್ ಜಾಕೆಟ್ ಹಾಕ್ಕೊಳ್ಳಿ, ಈಜು ಬಂದರೂ. ಬಲೆ ಕಾಲಿಗೆ ಸುತ್ತಿದರೆ ಈಜು ಏನೂ ಮಾಡಲ್ಲ, ನಿಮ್ಮ ಕಾಕಾನನ್ನೇ ಕೇಳಿ.

ಗುತ್ತಲದ ಹುಡುಗ:
ಎಲ್ಲಾ ಕಾಕಾಗೆ ಓದಿ ಹೇಳಿದೆ. ಮೀಸೆ ತಿರುವಿಕೊಂಡು ಒಳಗೆ ಹೋದರು. ಕಾರವಾರದವರಿಗೆ ಬೇಡ ಅಂದಾಯ್ತು. ನಾಳೆ ಕಾಕಿಯನ್ನೂ ಕರಕೊಂಡು ಇಲಾಖೆಗೆ ಹೋಗ್ತೀವಿ, ಅರ್ಜಿ ಅವರ ಹೆಸರಲ್ಲೇ. ಹಮ್ಮಿಗಿ ಅಣ್ಣಾ, ಭಾನುವಾರ ನಿಮ್ಮ ತೆಪ್ಪ ನೋಡೋಕೆ ಬರಲಾ? ಮತ್ತೆ 7 ಅಡಿಯದು ಟಾಟಾ ಏಸ್‌ನಲ್ಲಿ ಹಿಡಿಯುತ್ತಾ?

ಹಮ್ಮಿಗಿ ಹಿನ್ನೀರು:
ಬಾರಪ್ಪಾ, ನಸುಕಿನಲ್ಲೇ ಬಾ. ಬೋರಲು ಹಾಕಿದರೆ ಎರಡೂ ಪಕ್ಕ ಒಂದೊಂದು ಅಡಿ ಹೊರಗೆ ಬರುತ್ತೆ. ಹಗ್ಗ ಬಿಗಿದು ಕೆಂಪು ಬಟ್ಟೆ ಕಟ್ಟು, ನಿಧಾನಕ್ಕೆ ಹೊಡಿ.