ಸಹಾಯ ಬೇಕು: ಮನೆ ಹಿಂದೆ ಈಜುಕೊಳ, 6 ಲಕ್ಷದಲ್ಲಿ ಆಗುತ್ತಾ?

ನಮಸ್ಕಾರ ಎಲ್ಲರಿಗೂ. ಮೂಡಿಗೆರೆ ಹತ್ತಿರ ನಮ್ಮ ಮನೆ ಹಿಂದೆ ಹಳೇ ಕಾಫಿ ಕಣ ಸುಮ್ನೆ ಬಿದ್ದಿದೆ, ಮಕ್ಕಳ ಕಾಟ ತಡೆಯಲಾಗದೆ ಅಲ್ಲೊಂದು ಸಣ್ಣ ಈಜುಕೊಳ ಮಾಡಿಸೋಣ ಅಂತಿದ್ದೇವೆ. 20 ಅಡಿ ಉದ್ದ, 10 ಅಡಿ ಅಗಲ, 4 ಅಡಿ ನೀರು. ಲೆಕ್ಕ ಹಾಕಿದರೆ ಸುಮಾರು 22,600 ಲೀಟರ್.

ಕೈಯಲ್ಲಿರುವುದು 6 ಲಕ್ಷ. ಒಬ್ಬ ಕಂಟ್ರಾಕ್ಟರ್ 9 ಅಂದರು. ಇನ್ನೊಬ್ಬರು ಐದೂವರೆ ಅಂದು, ಆಮೇಲೆ ನಿಧಾನಕ್ಕೆ ಪಂಪು, ಫಿಲ್ಟರ್, ಟೈಲ್ಸ್ ಎಲ್ಲ ಬೇರೆ ಅಂದರು! ಅದೆಲ್ಲ ಬಿಟ್ಟರೆ ಉಳಿಯೋದು ಗುಂಡಿ ಅಲ್ವಾ?

ನನ್ನ ಭಯ ಜಾಸ್ತಿ ಇರುವುದು ಮಳೆದೇ. ಕಳೆದ ಆಷಾಢದಲ್ಲಿ ಕಣದ ಮೂಲೆಯಲ್ಲಿ ಗಿಡ ನೆಡಲು ಎರಡಡಿ ಅಗೆದಿದ್ದೆ, ಬೆಳಗ್ಗೆ ನೋಡಿದರೆ ಒರತೆ ನೀರು ತುಂಬಿ ಒಳಗೆ ಕಪ್ಪೆ ಕೂತಿತ್ತು. ಇಂಥ ಜಾಗದಲ್ಲಿ ಮಳೆಗಾಲದಲ್ಲಿ ಕೊಳ ಖಾಲಿ ಮಾಡಿದರೆ ಕೆಳಗಿನ ನೀರಿನ ಒತ್ತಡಕ್ಕೆ ಇಡೀ ತೊಟ್ಟಿಯೇ ಮೇಲೇಳಬಹುದು, ಬಿರುಕು ಬಿಡಬಹುದು. ಅದಕ್ಕೆ ಅಡಿಯಲ್ಲಿ ಜಲ್ಲಿ ಹಾಕಿ, ಪೈಪ್ ಇಟ್ಟು, ನೀರನ್ನು ಇಳಿಜಾರಿಗೆ ಬಿಡಬೇಕು. ಇದಕ್ಕೇ ಎಷ್ಟಾಗುತ್ತೆ? ಅರ್ಧ ನೆಲದ ಮೇಲೆ ಬರುವ ಹಾಗೆ ಕಟ್ಟಿದರೆ ಖರ್ಚು ಉಳಿಯುತ್ತಾ? ಸಿಲ್ವರ್ ಮರದ ಎಲೆ ಬೇರೆ ಉದುರುತ್ತದೆ, ಬಲೆ ಸಾಕಾ?

ಮಲೆನಾಡಲ್ಲಿ ಕಟ್ಟಿಸಿದವರು ನಿಜವಾಗಿ ಆದ ಖರ್ಚು, ತಿಂಗಳ ಕರೆಂಟ್ ಬಿಲ್ ಹೇಳಿ. ದೀಪಾವಳಿ ಕಳೆದ ಮೇಲೆ ಅಗೆಸಬೇಕು ಅಂತಿದ್ದೇನೆ.