ಪ್ರೊಫೈಲಿಂಗ್‌ನಿಂದ ನಿಜವಾಗಿಯೂ ಅಪರಾಧಿ ಸಿಗುತ್ತಾನಾ?

ಮದ್ದೂರಿನ ಹುಡುಗಿ:
ನಮಸ್ಕಾರ. ಮೈಸೂರಿನಲ್ಲಿ ಕ್ರಿಮಿನಾಲಜಿ ಓದುತ್ತಿದ್ದೇನೆ. ಅಪರಾಧ ನಡೆದ ಜಾಗ ನೋಡಿ ಮಾಡಿದವನ ಸ್ವಭಾವ, ವಯಸ್ಸು, ಕಸುಬು ಊಹಿಸಬಹುದು, ಅದಕ್ಕೆ ಪ್ರೊಫೈಲಿಂಗ್ ಅನ್ನುತ್ತಾರೆ ಅಂತ ಪಾಠದಲ್ಲಿದೆ. ಅಮೆರಿಕದ ಎಫ್‌ಬಿಐ 1972ರಲ್ಲೇ ಇದಕ್ಕೊಂದು ವಿಭಾಗ ತೆರೆದಿತ್ತಂತೆ. ನಮ್ಮ ಠಾಣೆಗಳಲ್ಲಿ ಹೀಗೆ ಕೆಲಸ ಮಾಡುತ್ತಾರಾ? ಸರ್ವೀಸಿನಲ್ಲಿದ್ದವರು ದಯವಿಟ್ಟು ಹೇಳಿ.

ನಿವೃತ್ತ ಎಎಸ್ಐ, ಮೈಸೂರು:
ನೋಡಮ್ಮ, ಆ ಹೆಸರು ನಮಗೆ ಗೊತ್ತಿರಲಿಲ್ಲ. ನಾವು ‘ಎಂ.ಒ.’ ಅನ್ನುತ್ತಿದ್ದೆವು. ಕಳ್ಳನ ಕೈಚಳಕದ ರೀತಿ. ನಾನು ಕ್ರೈಂ ಡ್ಯೂಟಿಯಲ್ಲಿದ್ದಾಗ ಒಂದೇ ತಿಂಗಳಲ್ಲಿ ಎರಡು ಮನೆ ಕಳವಾಯಿತು. ಎರಡರಲ್ಲೂ ಹಿಂಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟಿದ್ದ, ಬಾಗಿಲು ಕಿರ್ ಅನ್ನದಿರಲಿ ಅಂತ. ಬೆರಳಿಗೆ ಸವರಿ ಮೂಸಿದೆ. ಹರಳೆಣ್ಣೆ! ಪಕ್ಕದ ಠಾಣೆಯ ರೈಟರ್ ಹತ್ತಿರ ಹೋಗಿ ಹಳೇ ಕಾಗದ ತೆಗೆಸಿದೆ. ಅಲ್ಲೂ ಒಂದು ಮನೆ, ಅದೇ ಎಣ್ಣೆ. ಹಳೇ ಆಸಾಮಿಗಳಲ್ಲಿ ನಾಲ್ಕು ಜನರನ್ನು ಆರಿಸಿದೆವು, ಒಬ್ಬನ ಬೆರಳಚ್ಚು ಕೂಡಿತು.

ಸೈನೈಡ್ ಮೋಹನನ ಕೇಸು ಓದು. ಮದುವೆ ಆಗ್ತೀನಿ ಅಂತ ಬಡ ಹೆಣ್ಣುಮಕ್ಕಳನ್ನು ಕರೆತಂದು ಲಾಡ್ಜಿನಲ್ಲಿ ಇಳಿಸುತ್ತಿದ್ದ. ಬೆಳಿಗ್ಗೆ ಒಡವೆ ಬಿಚ್ಚಿಡಿಸಿ, ಗರ್ಭ ನಿಲ್ಲದ ಮಾತ್ರೆ ಅಂತ ಸೈನೈಡ್ ಕೊಟ್ಟು, ಬಸ್ ಸ್ಟ್ಯಾಂಡಿನ ಶೌಚಾಲಯಕ್ಕೆ ಕಳಿಸುತ್ತಿದ್ದ. ನಮ್ಮ ಮೈಸೂರಿನಲ್ಲೂ, ಮಡಿಕೇರಿಯಲ್ಲೂ, ಬೆಂಗಳೂರಿನಲ್ಲೂ. ಒಂದೊಂದು ಊರಲ್ಲಿ ಒಂದೊಂದು ಯುಡಿಆರ್, ಅಂದರೆ ಅಸಹಜ ಸಾವು ಅಂತ ಬರೆದ ಫೈಲು. ಒಳಗಿನಿಂದ ಚಿಲಕ, ಮೈಮೇಲೆ ಒಳ್ಳೆಯ ಸೀರೆ, ಒಡವೆ ಇಲ್ಲ. ಎಲ್ಲ ಕಡೆ ಅದೇ ರೀತಿ! ಆ ಫೈಲುಗಳು ಒಂದೇ ಮೇಜಿನ ಮೇಲೆ ಬರಲೇ ಇಲ್ಲ. 2009ರಲ್ಲಿ ಬಂಟ್ವಾಳದ ಕಡೆಯ ಹುಡುಗಿಯೊಬ್ಬಳು ಕಾಣೆಯಾದಾಗ, ಫೋನ್ ಕರೆಗಳ ಜಾಡು ಹಿಡಿದ ಮೇಲೆ ಸಿಕ್ಕಿದ. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ.

ವಕೀಲರು, ಮಂಡ್ಯ:
ಎಎಸ್ಐ ಸಾಹೇಬರ ಮಾತು ಸರಿ. ಆದರೆ ಊಹೆ ಸಾಕ್ಷಿಯಲ್ಲ, ಅದನ್ನು ಮರೀಬೇಡಮ್ಮ. ಲಂಡನ್ನಿನಲ್ಲಿ 1992ರ ರೇಚಲ್ ನಿಕೆಲ್ ಕೊಲೆಯಲ್ಲಿ, ಪ್ರೊಫೈಲಿಗೆ ಹೊಂದುತ್ತಾನೆ ಅಂತ ಒಬ್ಬ ಅಮಾಯಕನ ಬೆನ್ನುಬಿದ್ದರು. ಒಂದು ವರ್ಷಕ್ಕೂ ಜಾಸ್ತಿ ಅವನು ಜೈಲಲ್ಲಿದ್ದ. 1994ರಲ್ಲಿ ಕೋರ್ಟು ಬಿಟ್ಟಿತು. ನಿಜವಾದ ಅಪರಾಧಿ ಒಪ್ಪಿಕೊಂಡದ್ದು 2008ರಲ್ಲಿ, ಡಿಎನ್ಎ ಸಿಕ್ಕ ಮೇಲೆ.

ಮದ್ದೂರಿನ ಹುಡುಗಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಸರ್. ಒಂದು ಕೇಳಲಾ? ಅವನು ಹರಳೆಣ್ಣೆಯನ್ನೇ ಯಾಕೆ ತರುತ್ತಿದ್ದ?

ನಿವೃತ್ತ ಎಎಸ್ಐ, ಮೈಸೂರು:
ಒಳ್ಳೇ ಪ್ರಶ್ನೆ. ನಾನೂ ಅವನನ್ನೇ ಕೇಳಿದ್ದೆ. ಅವರಪ್ಪ ಎತ್ತಿನ ಗಾಡಿ ಹೊಡೆಯುತ್ತಿದ್ದರಂತೆ. ಅಚ್ಚಿಗೆ ಹರಳೆಣ್ಣೆ ಬಿಡುವುದು ಚಿಕ್ಕಂದಿನಿಂದ ಇವನದೇ ಕೆಲಸ. ಮಂದ ಇರುತ್ತದೆ, ಸೋರಲ್ಲ, ಸದ್ದು ನಿಲ್ಲುತ್ತದೆ ಅಂದ.