ಏರ್‌ಗನ್ ಗುಂಡಿನ ಹಳೆಯ ಡಬ್ಬಿ: ಯಾವ ಕಾಲದ್ದೆಂದು ತಿಳಿಯುವುದು ಹೇಗೆ?

ಪ್ರಶ್ನೆ: ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇನೆ. ಹಳೆ ಸಾಮಾನಿನ ಸಂತೆಯಲ್ಲಿ ಏರ್‌ಗನ್ ಗುಂಡುಗಳ ತಗಡಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳದ ಮೇಲೆ ‘ಎಲಿ ವಾಸ್ಪ್’ ಎಂದೂ ಕೆಳಗೆ ‘ವಿಟ್ಟನ್, ಬರ್ಮಿಂಗ್‌ಹ್ಯಾಮ್’ ಎಂದೂ ಇದೆ. ಮೊದಲ ಮಹಾಯುದ್ಧಕ್ಕೂ ಹಿಂದಿನದೆಂದು ಮಾರಿದವರು ಹೇಳಿದರು. ನಂಬಬಹುದೇ? ಗುಂಡುಗಳಿಗೆ ಬಿಳಿ ಪುಡಿ ಹಿಡಿದಿದೆ, ಉಜ್ಜಿ ತೆಗೆಯಲೇ?

ಉತ್ತರ: ನಂಬಬೇಡಿ. ಎಲಿ 1828ರಲ್ಲಿ ಶುರುವಾದ ಲಂಡನ್ ಕಂಪನಿ. ವಿಟ್ಟನ್ ಕಾರ್ಖಾನೆ ಅದರ ಎದುರಾಳಿ ಕೈನಾಕ್‌ನದು. ಇವೆರಡೂ ಒಂದೇ ಸೂರಿನಡಿ ಬಂದದ್ದು 1918ರ ವಿಲೀನದಿಂದ. ಹಾಗಾಗಿ ಎಲಿ ಹೆಸರೂ ವಿಟ್ಟನ್ ವಿಳಾಸವೂ ಜೊತೆಗಿರುವ ಡಬ್ಬಿ ಅದಕ್ಕೂ ಹಿಂದಿನದಾಗಲು ಸಾಧ್ಯವೇ ಇಲ್ಲ. 1926ರಲ್ಲಿ ಇದೆಲ್ಲ ಐಸಿಐ ಎಂಬ ದೊಡ್ಡ ರಾಸಾಯನಿಕ ಕಂಪನಿಯ ಪಾಲಾಯಿತು, 1962ರಿಂದ ಅದರ ಲೋಹ ವಿಭಾಗಕ್ಕೆ ಐಎಂಐ ಎಂಬ ಹೆಸರು. ಸಣ್ಣ ಅಕ್ಷರಗಳಲ್ಲಿ ಯಾವುದಿದೆ, ಭೂತಗನ್ನಡಿ ಹಿಡಿದು ನೋಡಿ.

ಉತ್ತರ: ಅಂಗಡಿಯವರ ಬೆಲೆಚೀಟಿ ಉಳಿದಿದೆಯೇ? ಶಿಲಿಂಗ್ ಲೆಕ್ಕದಲ್ಲಿದ್ದರೆ, ಬ್ರಿಟನ್ ಆ ಹಳೆಯ ಲೆಕ್ಕ ಬಿಟ್ಟ 1971ರ ಫೆಬ್ರವರಿಗೆ ಮುಂಚೆ ಮಾರಾಟಕ್ಕೆ ಇಟ್ಟದ್ದು. ಆದರೆ ಅದು ಡಬ್ಬಿಯ ಕಾಲ. ಒಳಗಿನ ಗುಂಡುಗಳೂ ಅವೇ ಎನ್ನಲು ಏನು ಆಧಾರ? ಖಾಲಿಯಾದ ಚಂದದ ಡಬ್ಬಿಯನ್ನು ಯಾರೂ ಎಸೆಯುವುದಿಲ್ಲ ಸ್ವಾಮಿ, ಬೇರೆ ಮಾಲು ತುಂಬಿಡುತ್ತಾರೆ.

ಉತ್ತರ: ಪೀಣ್ಯದಲ್ಲಿ ಡೈ, ಅಂದರೆ ಲೋಹದ ಅಚ್ಚಿನ ಕೆಲಸ ಮಾಡುವವನು ನಾನು, ಗುಂಡಿನ ಬಗ್ಗೆ ಮಾತ್ರ ಹೇಳುತ್ತೇನೆ. ಸೀಸವನ್ನು ತಂತಿಯಾಗಿ ಎಳೆದು, ತುಂಡರಿಸಿ, ಕಾಯಿಸದೆಯೇ ಅಚ್ಚಿನಲ್ಲಿ ಒತ್ತುತ್ತಾರೆ. ಸೊಂಟ ಸಣ್ಣಗಿರುವ ಗುಂಡು ಇಡಿಯಾದ ಅಚ್ಚಿನಿಂದ ಹೊರಬರಲಾರದು. ಒಂದೋ ಅಚ್ಚು ಎರಡು ಹೋಳಾಗಿ ತೆರೆಯಬೇಕು, ಇಲ್ಲವೇ ಸೊಂಟವನ್ನು ಆಮೇಲೆ ಉರುಳಿಸಿ ಒತ್ತಬೇಕು. ಹೋಳು ಅಚ್ಚಾದರೆ ತಲೆಯಿಂದ ಬುಡದವರೆಗೆ ಕೂದಲೆಳೆಯಷ್ಟು ಗೆರೆ ಬೀಳುತ್ತದೆ, ಉಗುರಿಗೆ ತಗಲುತ್ತದೆ. ಹತ್ತಾರು ಗುಂಡುಗಳನ್ನು ಸಾಲಾಗಿಟ್ಟು ನೋಡಿ. ಕೆಲವಕ್ಕೆ ಗೆರೆ, ಕೆಲವಕ್ಕೆ ಉರುಳಿಸಿದ ಗುರುತು ಇದ್ದರೆ ಕಲಬೆರಕೆ ಎಂದು ಧೈರ್ಯವಾಗಿ ಅನುಮಾನಿಸಿ. ತಲೆಯಲ್ಲಿ ಅಷ್ಟಿಷ್ಟು ವ್ಯತ್ಯಾಸವಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಹಲವು ಅಚ್ಚುಗಳ ಮಾಲು ಒಂದೇ ಡಬ್ಬಿಗೆ ಬೀಳುವುದುಂಟು.

ಉತ್ತರ: ಎಲ್ಲರೂ ಇತಿಹಾಸದಲ್ಲೇ ಮುಳುಗಿದ್ದೀರಿ, ಪುಡಿಯ ಮಾತು ಯಾರೂ ಎತ್ತಲಿಲ್ಲ! ಅದು ಸೀಸದ ಕಾರ್ಬೊನೇಟ್, ವಿಷ. ಉಜ್ಜಬೇಡಿ, ಊದಬೇಡಿ, ಕೈಗವಸು ಹಾಕಿಯೇ ಮುಟ್ಟಿ. ಆ ಗುಂಡುಗಳನ್ನು ಹಾರಿಸುವ ಯೋಚನೆಯೂ ಬೇಡ. ಗಾಳಿಯ ಒತ್ತಡಕ್ಕೆ ಹಿಂಭಾಗದ ತೆಳು ಅಂಚು ಅರಳಿ ನಳಿಗೆಗೆ ಕಚ್ಚಿಕೊಳ್ಳಬೇಕು; ಹೀಗೆ ಪುಡಿ ಹಿಡಿದ ಗುಂಡುಗಳಲ್ಲಿ ಸವೆದಿರಬಹುದಾದದ್ದು ಆ ಅಂಚೇ. ಓಕ್ ಮರದ ಪೆಟ್ಟಿಗೆಯಲ್ಲಂತೂ ಇಡಬೇಡಿ, ಅದರ ಆಮ್ಲದ ಆವಿಗೆ ಸೀಸ ಇನ್ನಷ್ಟು ಬೆಳ್ಳಗಾಗುತ್ತದೆ. ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಗುಂಡುಗಳನ್ನು ಬೇರೆಯಾಗಿಟ್ಟು, ಮಕ್ಕಳ ಕೈಗೆಟುಕದಂತೆ ನೋಡಿಕೊಳ್ಳಿ.